ಹೇಳಲಾರದ ಕೂಸು, ಹೇಳದ ಹಿರಿಯರು: ಬೆಟ್ಟದ ದಾರಿಗೆ ಕಾರು ಹತ್ತುವ ಮುನ್ನ



ಬಾಣಂತನಕ್ಕೆಂದು ಊರಿನಿಂದ ದೆಹಲಿಗೆ ಬಂದ ಅಜ್ಜಿ-ತಾತ ಹಿಂದಿರುಗುವ ದಿನ ಹತ್ತಿರ ಬಂದಿದೆ. ಮಗುವಿಗೆ ಏಳೆಂಟು ತಿಂಗಳು. "ಇಷ್ಟು ದೂರ ಬಂದಿದ್ದೀರಿ, ಒಂದು ಸಲ ಹಿಮ ನೋಡಿಕೊಂಡೇ ಹೋಗಿ" ಎಂದು ಮಗನ ಒತ್ತಾಯ. ಕಾರು ಇದೆ, ನಾಲ್ಕು ದಿನ ರಜೆ ಇದೆ. ಮನಾಲಿಗೆ ಹೋಟೆಲ್ ಬುಕ್ ಆಗುತ್ತದೆ. ಅಜ್ಜಿ ಚಕ್ಕುಲಿ, ಅವಲಕ್ಕಿ ಕಟ್ಟಿಕೊಳ್ಳುತ್ತಾರೆ, ಮಗುವಿಗೆ ಹೊಸ ಕುಲಾವಿ ಹೆಣೆಯುತ್ತಾರೆ.

ಇಂಥ ಪ್ರಯಾಣ ಖಂಡಿತ ಮಾಡಿ. ಮೂರು ತಲೆಮಾರು ಒಂದೇ ಕಾರಿನಲ್ಲಿ ಕೂತು ಹೋಗುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಹೊರಡುವ ಮುನ್ನ ಈ ಲೇಖನವನ್ನು ಒಮ್ಮೆ ಓದಿ, ಅಷ್ಟೇ ನಮ್ಮ ವಿನಂತಿ. ಸ್ವಲ್ಪ ಉದ್ದವಿದೆ, ಸಮಾಧಾನದಿಂದ ಓದಿ.

*ಮೊದಲು ಒಂದು ಘಟನೆ*

ನಮ್ಮ ಮನೆಯಲ್ಲೇ ಆದದ್ದು. ಅತ್ತೆಯವರನ್ನು ಕರೆದುಕೊಂಡು ದೆಹಲಿಯಿಂದ ನೈನಿತಾಲ್‌ಗೆ ಹೊರಟಿದ್ದೆವು. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿ ಅರ್ಧ ಲೋಟ ಕಾಫಿ ಕುಡಿದವರು ದಾರಿಯುದ್ದಕ್ಕೂ ನೀರು ಮುಟ್ಟಲಿಲ್ಲ. ಢಾಬಾದಲ್ಲಿ ನಿಲ್ಲಿಸಿದಾಗಲೆಲ್ಲ "ನನಗೇನೂ ಬೇಡ, ನೀವು ಹೋಗಿ ಬನ್ನಿ" ಎಂದು ಕಾರಿನಲ್ಲೇ ಕೂತರು. ರಾತ್ರಿ ಹೋಟೆಲಿನಲ್ಲಿ ಬಚ್ಚಲಿಗೆಂದು ಎದ್ದವರಿಗೆ ತಲೆ ಸುತ್ತಿತು. ಬಿದ್ದು ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು.

ಆಮೇಲೆ ಕೇಳಿದಾಗ ಹೇಳಿದರು: "ನನ್ನ ಮಂಡಿಗೆ ಆ ಶೌಚಾಲಯದಲ್ಲಿ ಕೂರೋಕೆ ಆಗಲ್ಲ. ನೀರು ಕುಡಿದರೆ ತಾನೇ ಹೋಗಬೇಕು ಅಂತ ಕುಡಿಯಲಿಲ್ಲ. ಕೂಸಿನ ಗಲಾಟೆಯಲ್ಲೇ ನಿಮಗೆ ಸಾಕಾಗಿತ್ತು, ನನ್ನದೊಂದು ಯಾಕೆ ಅಂತ ಸುಮ್ಮನಿದ್ದೆ."

ಆ ದಿನ ಮಗು ಅತ್ತಾಗಲೆಲ್ಲ ಕಾರು ನಿಲ್ಲಿಸಿದ್ದೆವು. ಅಳದೆ ಕೂತವರನ್ನು ಏನು ಬೇಕೆಂದು ಒಮ್ಮೆಯೂ ಸರಿಯಾಗಿ ಕೇಳಿರಲಿಲ್ಲ.

ಈ ಲೇಖನದ ಸಾರ ಇಷ್ಟೇ. ಕಾರಿನಲ್ಲಿ ಇಬ್ಬರು ತಮ್ಮ ತೊಂದರೆಯನ್ನು ಹೇಳುವುದಿಲ್ಲ. ಮಗುವಿಗೆ ಹೇಳಲು ಬರುವುದಿಲ್ಲ, ಹಿರಿಯರಿಗೆ ಹೇಳಲು ಮನಸ್ಸಿಲ್ಲ. ನಡುವೆ ಇರುವ ನೀವು ಮಗುವನ್ನು ನೋಡಿ ತಿಳಿಯಬೇಕು, ಹಿರಿಯರನ್ನು ಕೇಳಿ ತಿಳಿಯಬೇಕು.

*ಎಷ್ಟು ಎತ್ತರ? ಮೊದಲು ಲೆಕ್ಕ ತಿಳಿಯಿರಿ*

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮನಾಲಿ ಪೇಟೆಯೇ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಂದರೆ ನೀವು ಹೋಟೆಲ್ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ನಮ್ಮ ನಾಡಿನ ನೆತ್ತಿಗಿಂತ ಮೇಲೆ ಬಂದಿರುತ್ತೀರಿ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ರೋಹ್ತಾಂಗ್ ಪಾಸ್ 3,978 ಮೀಟರ್. ಎರಡು-ಮೂರು ಗಂಟೆಯಲ್ಲಿ ಇನ್ನೊಂದು ಮುಳ್ಳಯ್ಯನಗಿರಿ ಹತ್ತಿದಂತೆ!

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಂದೊಂದು ಉಸಿರಿನಲ್ಲೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ರೋಹ್ತಾಂಗ್‌ನಲ್ಲಿ ಸಿಗುವುದು ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಆರೋಗ್ಯವಂತ ಯುವಕರಿಗೆ ಸ್ವಲ್ಪ ಏದುಸಿರು ಬಂದು ಹೋಗಬಹುದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರಿಗೆ ಅದೇ ದೊಡ್ಡ ಹೊರೆಯಾಗುತ್ತದೆ.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಮುಂಬೈ, ಪುಣೆಯವರು ಹೋಗುವ ಮಹಾಬಳೇಶ್ವರ ಸುಮಾರು 1,350 ಮೀಟರ್. ಚೆನ್ನೈಯವರು ಹೋಗುವ ಕೊಡೈಕೆನಾಲ್ ಸುಮಾರು 2,100, ಊಟಿ ಸುಮಾರು 2,240. ಇಲ್ಲೆಲ್ಲ ಆಮ್ಲಜನಕದ ಚಿಂತೆ ಅಷ್ಟಿಲ್ಲ. ಆದರೆ ಘಾಟ್ ತಿರುವು, ನೀರು, ಚಳಿ, ಮಾತ್ರೆ, ಮಗುವಿನ ಸೀಟು ಇವುಗಳ ಮಾತು ಎಲ್ಲರಿಗೂ ಅನ್ವಯಿಸುತ್ತದೆ.

*ಡಾಕ್ಟರನ್ನು ಕೇಳದೆ ಹೊರಡಬಾರದವರು ಯಾರು?*

ಹಿರಿಯರಲ್ಲಿ:
- ಇತ್ತೀಚೆಗೆ ಹೃದಯಾಘಾತ, ಸ್ಟೆಂಟ್, ಬೈಪಾಸ್ ಅಥವಾ ಪಾರ್ಶ್ವವಾಯು ಆಗಿದ್ದವರು
- ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವವರು, ಉಸಿರು ಕಟ್ಟುವವರು
- ಹತೋಟಿಗೆ ಬಾರದ ಬಿಪಿ ಅಥವಾ ಶುಗರ್ ಇರುವವರು
- ಅಸ್ತಮಾ, ಬಹಳ ವರ್ಷದ ಕೆಮ್ಮು-ದಮ್ಮು, ತೀವ್ರ ರಕ್ತಹೀನತೆ ಇರುವವರು

ಮಕ್ಕಳಲ್ಲಿ:
- ಆರು ವಾರ ತುಂಬದ ಹಸುಗೂಸು (ಇವರನ್ನು ಎತ್ತರದ ಊರಿಗೆ ಕರೆದೊಯ್ಯದಿರುವುದೇ ಒಳ್ಳೆಯದು)
- ಅವಧಿಗೆ ಮುನ್ನ ಹುಟ್ಟಿ ಆಮ್ಲಜನಕ ಬೇಕಾಗಿದ್ದ ಮಗು
- ಹೃದಯದಲ್ಲಿ ರಂಧ್ರ ಇದೆ ಎಂದು ಹೇಳಿರುವ ಮಗು
- ಹೊರಡುವ ವಾರ ನೆಗಡಿ, ಕೆಮ್ಮು, ಜ್ವರ ಇರುವ ಮಗು

ಕೊನೆಯದನ್ನು ಹೆಚ್ಚಿನವರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಮೂಗು ಕಟ್ಟಿದ ಮಗುವಿಗೆ ಬೆಟ್ಟ ಇಳಿಯುವಾಗ ಕಿವಿ ನೋವು ಜೋರಾಗುತ್ತದೆ. ಉಸಿರಾಟದ ಸೋಂಕು ಇರುವಾಗ ತುಂಬಾ ಎತ್ತರಕ್ಕೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಹೆಚ್ಚು. ಹೋಟೆಲಿಗೆ ಕೊಟ್ಟ ಮುಂಗಡ ಹೋದರೆ ಹೋಗಲಿ, ಒಂದು ವಾರ ಮುಂದೂಡಿ.

*ದಾರಿಯನ್ನು ತುಂಡು ಮಾಡಿಕೊಳ್ಳಿ*

ದೆಹಲಿಯಿಂದ ಮನಾಲಿ 500 ಕಿಲೋಮೀಟರಿಗೂ ಹೆಚ್ಚು. ಗೆಳೆಯರ ಜೊತೆ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ತಲುಪಿದ್ದ ನೆನಪು ನಿಮಗಿರಬಹುದು. ಈ ಸಲ ಹಾಗೆ ಬೇಡ. ಎರಡು ದಿನ ಮಾಡಿಕೊಳ್ಳಿ. ಮೊದಲ ದಿನ ಬೆಳಗಿನ ಜಾವ ಹೊರಟು ಚಂಡೀಗಢದಲ್ಲೋ ಸ್ವಲ್ಪ ಮುಂದೆಯೋ ರಾತ್ರಿ ಉಳಿಯಿರಿ. ಎರಡನೇ ದಿನ ಬೆಟ್ಟದ ದಾರಿಯನ್ನು ಹಗಲಿನಲ್ಲೇ ಮುಗಿಸಿ. ಕತ್ತಲಾದ ಮೇಲೆ ಘಾಟ್ ರಸ್ತೆ ಬೇಡವೇ ಬೇಡ. ಜುಲೈ, ಆಗಸ್ಟ್ ಮಳೆಗಾಲದಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ರಸ್ತೆ ಬಂದಾಗುವುದು ಹಿಮಾಚಲದಲ್ಲಿ ಹೊಸದಲ್ಲ. ಆಗ ಮಗುವಿನ ಹಾಲು, ಹಿರಿಯರ ಮಾತ್ರೆ ಎರಡಕ್ಕೂ ತೊಂದರೆ.

ಮನಾಲಿ ತಲುಪಿದ ದಿನ ಎಲ್ಲಿಗೂ ಓಡಬೇಡಿ. ಬಿಸಿ ಊಟ, ವಿಶ್ರಾಂತಿ, ಬೇಗ ನಿದ್ದೆ. ಮರುದಿನ ಅಲ್ಲೇ ಹತ್ತಿರ ಸುತ್ತಾಡಿ. ಎಲ್ಲರೂ ಚೆನ್ನಾಗಿದ್ದರೆ ಮೂರನೇ ದಿನ ಅಟಲ್ ಸುರಂಗದ ಮೂಲಕ ಸಿಸ್ಸು ಕಡೆಗೆ ಹೋಗಿ ಬರಬಹುದು. 2020ರ ಅಕ್ಟೋಬರ್ 3ರಂದು ತೆರೆದ ಈ ಸುರಂಗ 9.02 ಕಿಲೋಮೀಟರ್ ಉದ್ದವಿದೆ. ಎರಡೂ ಬಾಯಿಗಳು ಮೂರು ಸಾವಿರ ಮೀಟರಿಗಿಂತ ಸ್ವಲ್ಪ ಮೇಲಿವೆ. ರೋಹ್ತಾಂಗ್ ಎತ್ತರಕ್ಕೆ ಹತ್ತದೆಯೇ ಬೆಟ್ಟದ ಆಚೆ ಬದಿ ನೋಡಬಹುದು, ಹಿಮ ಬಿದ್ದಿರುವ ಕಾಲವಾದರೆ ಹಿಮವೂ ಸಿಗುತ್ತದೆ. ಒಂದೆರಡು ಗಂಟೆ ಇದ್ದು ಹಿಂದಿರುಗಿ ಮನಾಲಿಯಲ್ಲೇ ಮಲಗಿ. ಪುಟ್ಟ ಮಗುವನ್ನು 2,500 ಮೀಟರಿಗಿಂತ ಮೇಲೆ ರಾತ್ರಿ ಮಲಗಿಸದಿರುವುದು ಕ್ಷೇಮ.

"ಇಷ್ಟು ಬಂದಿದ್ದೇವೆ, ಹಾಗೇ ಲೇಹ್‌ಗೆ ಹೋಗಿಬಿಡೋಣ" ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಆ ದಾರಿಯಲ್ಲಿ ಜನ ರಾತ್ರಿ ತಂಗುವ ಸರ್ಚು 4,200 ಮೀಟರಿಗೂ ಮೇಲಿದೆ. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ. ತೊಂದರೆಯಾದರೆ ಕೆಳಗಿಳಿಯಲು ಮತ್ತೆ ಎತ್ತರದ ಪಾಸ್ ಹತ್ತಬೇಕು. ಕೂಸು ಮತ್ತು ಎಪ್ಪತ್ತರ ಹಿರಿಯರ ಜೊತೆ ಅದು ಸಾಹಸ ಮಾಡುವ ಜಾಗವಲ್ಲ.

*ಕಾರಿನಲ್ಲಿ ಯಾರು ಎಲ್ಲಿ ಕೂರಬೇಕು?*

ಅಜ್ಜಿಯ ಮಡಿಲಿಗಿಂತ ಸುರಕ್ಷಿತ ಜಾಗ ಯಾವುದಿದೆ ಎಂದು ನಮಗೆಲ್ಲ ಅನಿಸುತ್ತದೆ. ಮನೆಯಲ್ಲಿ ಅದು ನಿಜ, ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಏನಕ್ಕಾದರೂ ಗುದ್ದಿದರೆ ಎಂಟು ಕಿಲೋ ಮಗುವನ್ನು ಯಾವ ತೋಳಿಗೂ ಹಿಡಿದಿಡಲು ಆಗುವುದಿಲ್ಲ. ಹಿಡಿದವರ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟು ಕೂತರೆ ಏರ್‌ಬ್ಯಾಗ್ ಬಿಚ್ಚಿಕೊಂಡ ಹೊಡೆತಕ್ಕೇ ಪ್ರಾಣ ಹೋಗಬಹುದು.

ಮಗುವಿಗೆಂದೇ ಮಾಡಿದ ಕಾರ್ ಸೀಟ್ ತನ್ನಿ. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಿ. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಬಿಡಿ, ಮಗುವಿನ ಜೀವದ ಮಾತು ಇದು.

ಮೂರು ಎಚ್ಚರಿಕೆ:
1. ದಪ್ಪ ಸ್ವೆಟರ್, ಜಾಕೆಟ್ ಹಾಕಿ ಬೆಲ್ಟ್ ಕಟ್ಟಬೇಡಿ, ಬೆಲ್ಟ್ ಸಡಿಲವಾಗಿ ಉಳಿಯುತ್ತದೆ. ತೆಳು ಬಟ್ಟೆಯಲ್ಲಿ ಕಟ್ಟಿ, ಮೇಲೆ ಸೊಂಟದ ತನಕ ಹೊದಿಕೆ ಹೊದಿಸಿ.
2. ಎರಡು ಗಂಟೆಗೊಮ್ಮೆ ಸೀಟಿನಿಂದ ಎತ್ತಿ ಬೆನ್ನು ನೇರ ಮಾಡಿ ಮಲಗಿಸಿ. ಕೂತಲ್ಲೇ ನಿದ್ದೆ ಹೋದ ಮಗುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರು ಕಟ್ಟುತ್ತದೆ. ಪಕ್ಕದಲ್ಲಿ ಕೂತವರು ಆಗಾಗ ನೋಡುತ್ತಿರಬೇಕು.
3. ಹಾಲು ಕುಡಿಸಲು ಕಾರು ನಿಲ್ಲಿಸಿ. ಓಡುವ ಕಾರಿನಲ್ಲಿ ಬೆಲ್ಟ್ ಬಿಚ್ಚಿ ಎದೆಗೆ ಹಾಕಿಕೊಳ್ಳಬೇಡಿ.

ಹಿರಿಯರಲ್ಲಿ ಯಾರಿಗೆ ವಾಂತಿಯ ತೊಂದರೆಯೋ ಅವರನ್ನು ಮುಂದೆ ಕೂರಿಸಿ. ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಲಿ. "ಸೀರೆ ಮುದುಡುತ್ತೆ" ಎನ್ನುವ ಅಜ್ಜಿಗೆ ಸಮಾಧಾನ ಹೇಳಿ ನೀವೇ ಹಾಕಿಕೊಡಿ.

*ನೀರು, ಮೂತ್ರ ಮತ್ತು ಸಂಕೋಚ*

ಬೆಟ್ಟದ ಪ್ರಯಾಣದಲ್ಲಿ ಹಿರಿಯರಿಗೆ ಆಗುವ ಅರ್ಧ ತೊಂದರೆಗೆ ಮೂಲ ಇಲ್ಲೇ ಇದೆ. ಶೌಚಾಲಯದ ಚಿಂತೆಗೆ ನೀರು ಬಿಡುತ್ತಾರೆ. ನೀರು ಬಿಟ್ಟರೆ ಬಿಪಿ ಇಳಿದು ತಲೆ ಸುತ್ತುತ್ತದೆ, ಉರಿಮೂತ್ರ ಬರುತ್ತದೆ, ಮಲಬದ್ಧತೆಯಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಚಳಿಯ ಒಣ ಹವೆಯಲ್ಲಿ ಬಾಯಾರಿಕೆ ಗೊತ್ತಾಗದಿದ್ದರೂ ಉಸಿರಿನ ಮೂಲಕವೇ ದೇಹದ ನೀರು ಹೋಗುತ್ತಿರುತ್ತದೆ.

ಇನ್ನೂ ಒಂದು ಗುಟ್ಟಿದೆ. ಬಿಪಿಗೋ ಕಾಲೂತಕ್ಕೋ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರಯಾಣದ ದಿನ ಅದನ್ನು ಯಾರಿಗೂ ಹೇಳದೆ ಬಿಡುತ್ತಾರೆ. ಹೃದಯದ ತೊಂದರೆ ಇರುವವರು ಹೀಗೆ ಮಾಡಿ ಎತ್ತರಕ್ಕೆ ಹೋದರೆ ದಮ್ಮು ಬರಬಹುದು. ಹೊರಡುವ ಮುನ್ನವೇ ಡಾಕ್ಟರನ್ನು ಕೇಳಿ, ಆ ಮಾತ್ರೆಯ ಹೊತ್ತನ್ನು ಬದಲಾಯಿಸಬಹುದೇ ಎಂದು ತಿಳಿದುಕೊಳ್ಳಿ.

ನೀವು ಮಾಡಬೇಕಾದದ್ದು:
- "ನೀರು ಬೇಕಾ?" ಎಂದು ಕೇಳಬೇಡಿ, "ಬೇಡ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಲೋಟಕ್ಕೆ ಸುರಿದು ಕೈಗೆ ಕೊಡಿ. ಬೆಚ್ಚನೆಯ ಜೀರಿಗೆ ನೀರು ಆದರೆ ಇನ್ನೂ ಒಳ್ಳೆಯದು.
- ಕಮೋಡ್ ಇರುವ ಪೆಟ್ರೋಲ್ ಬಂಕ್, ಒಳ್ಳೆಯ ಹೋಟೆಲ್ ನೋಡಿ ನಿಲ್ಲಿಸಿ. ಊಟಕ್ಕೆ ನೂರು ರೂಪಾಯಿ ಹೆಚ್ಚಾದರೂ ಸರಿ.
- ಮಂಡಿ ನೋವಿನವರಿಗೆ ಮಡಚುವ ಕಮೋಡ್ ಕುರ್ಚಿ ಸಿಗುತ್ತದೆ. ಡಿಕ್ಕಿಯಲ್ಲಿಟ್ಟರೆ ಹಳ್ಳಿಯ ಹೋಂಸ್ಟೇಯಲ್ಲೂ ಕೆಲಸಕ್ಕೆ ಬರುತ್ತದೆ.
- ಮಗುವಿಗೆ ಡಯಾಪರ್ ಕಟ್ಟುವಂತೆ ಹಿರಿಯರಿಗೂ ಪ್ರಯಾಣಕ್ಕೆ ಹಾಕಿಕೊಳ್ಳುವಂಥದ್ದು ಸಿಗುತ್ತದೆ. ಮಗಳೋ ಸೊಸೆಯೋ ಒಬ್ಬರೇ ಇದ್ದಾಗ, ನಗೆಯಾಡದೆ, ಮೆಲ್ಲಗೆ ಕೇಳಿ. ತಾತನಿಗೆ ಮಗ ಹೇಳಲಿ.
- ಎರಡು ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ. ಕೂತಾಗಲೂ ಪಾದ ಮೇಲೆ ಕೆಳಗೆ ಆಡಿಸಲಿ.

ಮಗುವಿಗೆ ಆರು ತಿಂಗಳು ಆಗಿಲ್ಲವಾದರೆ ಎದೆಹಾಲೇ ಸಾಕು, ನೀರು ಬೇಡ. ಆದರೆ ತಾಯಿ ಚೆನ್ನಾಗಿ ನೀರು ಕುಡಿಯಬೇಕು. ಆರು ಗಂಟೆ ಡಯಾಪರ್ ಒಣಗಿಯೇ ಇದ್ದರೆ, ಬಾಯಿ ಒಣಗಿದ್ದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಪುಡಿ ಹಾಲು ಕೊಡುವವರು ಫ್ಲಾಸ್ಕಿನಲ್ಲಿ ಕುದಿಸಿದ ನೀರು ಇಟ್ಟುಕೊಳ್ಳಿ. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಆದ್ದರಿಂದ ಎರಡು ಸಾವಿರ ಮೀಟರ್ ಮೇಲೆ ಕುದಿ ಬಂದ ನಂತರ ಮೂರು ನಿಮಿಷ ಬಿಡಿ.

*ತಿರುವು ಮತ್ತು ವಾಂತಿ*

ಕಣ್ಣು ಕಾರಿನೊಳಗೆ ನೋಡುತ್ತಿರುತ್ತದೆ, ಒಳಕಿವಿಗೆ ತಿರುವು ಗೊತ್ತಾಗುತ್ತಿರುತ್ತದೆ. ಎರಡೂ ಬೇರೆ ಬೇರೆ ಸುದ್ದಿ ಕೊಟ್ಟಾಗ ಹೊಟ್ಟೆ ತೊಳಸುತ್ತದೆ. ಉಪಾಯ ಸರಳ: ದೂರದ ಬೆಟ್ಟ ನೋಡಲಿ, ಮೊಬೈಲ್ ನೋಡುವುದು ಬೇಡ. ಕಿಟಕಿ ಸ್ವಲ್ಪ ತೆರೆಯಿರಿ. ಕಾರಿನ ಸುಗಂಧದ ಡಬ್ಬಿ ತೆಗೆದಿಡಿ. ಖಾಲಿ ಹೊಟ್ಟೆ ಬೇಡ, ಬೆಣ್ಣೆ ಪರಾಠಾ ತುಂಬಿದ ಹೊಟ್ಟೆಯೂ ಬೇಡ. ಇಡ್ಲಿ, ಮೊಸರನ್ನ, ಒಣ ಅವಲಕ್ಕಿ, ಬಾಳೆಹಣ್ಣು ಸಾಕು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಹಿತ. ಎಲ್ಲಕ್ಕಿಂತ ಮುಖ್ಯ ಔಷಧ ಓಡಿಸುವವರ ಕಾಲಲ್ಲಿದೆ, ತಿರುವಿನಲ್ಲಿ ನಿಧಾನ.

ಎರಡು ವರ್ಷದೊಳಗಿನ ಮಕ್ಕಳಿಗೆ ತಿರುವಿನ ವಾಂತಿ ಅಪರೂಪ. ಹಾಗಾಗಿ ಕೂಸು ಮತ್ತೆ ಮತ್ತೆ ವಾಂತಿ ಮಾಡಿದರೆ "ಘಾಟ್ ಅಲ್ವಾ" ಎಂದು ಬಿಡಬೇಡಿ, ಬೇರೆ ಕಾರಣ ಹುಡುಕಿ. ಪ್ರೊಮೆಥಜಿನ್ ಇರುವ ವಾಂತಿ ಮಾತ್ರೆ, ಸಿರಪ್ ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟವೇ ನಿಧಾನವಾಗಬಹುದು. "ದಾರಿಯಲ್ಲಿ ಮಲಗಲಿ" ಎಂದು ನೆಗಡಿ ಸಿರಪ್ ಕುಡಿಸುವುದೂ ಇಷ್ಟೇ ಅಪಾಯ. ಅದೇ ಮಾತ್ರೆ ಹಿರಿಯರಿಗೆ ಮಂಪರು ತರಿಸಿ ಬೀಳಿಸಬಹುದು; ಪ್ರಾಸ್ಟೇಟ್ ತೊಂದರೆ ಇರುವ ತಾತನಿಗೆ ಮೂತ್ರ ಕಟ್ಟಬಹುದು. ಡಾಕ್ಟರ್ ಹೇಳಿದರೆ ಮಾತ್ರ ಕೊಡಿ.

*ಎತ್ತರದ ಕಾಯಿಲೆ ಹೇಗೆ ಗೊತ್ತಾಗುತ್ತದೆ?*

ಸಾಮಾನ್ಯವಾಗಿ ಎತ್ತರಕ್ಕೆ ಹೋದ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ಆ ರಾತ್ರಿ ಶುರುವಾಗುತ್ತದೆ.

ದೊಡ್ಡವರಲ್ಲಿ: ತಲೆನೋವು, ವಾಕರಿಕೆ, ಊಟ ಬೇಡ ಎನಿಸುವುದು, ವಿಪರೀತ ಸುಸ್ತು, ನಿದ್ದೆ ಬಾರದಿರುವುದು. "ಪ್ರಯಾಣದ ಆಯಾಸ" ಎಂದು ಅಜ್ಜಿ ಹೇಳಿದರೂ ಎತ್ತರದಲ್ಲಿ ತಲೆನೋವು ಬಂದರೆ ಮೊದಲು ಎತ್ತರವನ್ನೇ ಅನುಮಾನಿಸಿ.

ಮಗುವಿನಲ್ಲಿ: ಎತ್ತಿಕೊಂಡರೂ ಸಮಾಧಾನವಾಗದ ಅಳು, ಹಾಲು ಬೇಡವೆನ್ನುವುದು, ನಿದ್ದೆ ಮಾಡದಿರುವುದು, ವಾಂತಿ, ಆಟ ಬಿಟ್ಟು ಮಂಕಾಗುವುದು. ಹಸಿವು, ಒದ್ದೆ ಡಯಾಪರ್, ಚಳಿ, ಸೆಕೆ ಇಷ್ಟನ್ನೂ ನೋಡಿಯಾದ ಮೇಲೂ ಅಳು ನಿಲ್ಲದಿದ್ದರೆ ಎತ್ತರವೇ ಕಾರಣ ಎಂದುಕೊಂಡು ಕೆಳಗಿಳಿಯಿರಿ.

ಲಕ್ಷಣ ಕಂಡರೆ ಇನ್ನೂ ಮೇಲೆ ಹೋಗಬೇಡಿ. ಕಡಿಮೆಯಾಗದಿದ್ದರೆ ಇಳಿಯಿರಿ. ಐದುನೂರು ಮೀಟರ್ ಇಳಿದರೂ ಎಷ್ಟೋ ಸಲ ಚೇತರಿಕೆ ಕಾಣುತ್ತದೆ.

ಈ ಕೆಳಗಿನವು ಕಂಡರೆ ಒಂದು ನಿಮಿಷವೂ ಕಾಯದೆ ಕೆಳಗಿಳಿದು ಆಸ್ಪತ್ರೆ ಸೇರಬೇಕು:
- ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ
- ತುಟಿ, ಉಗುರು ನೀಲಿಯಾಗುವುದು
- ಮಾತು ತಡವರಿಸುವುದು, ಗೊಂದಲ, ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡುವುದು
- ಎದೆ ನೋವು, ಎದೆ ಭಾರ, ತಣ್ಣನೆ ಬೆವರು
- ಮಗು ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆಯುವುದು, ಎಬ್ಬಿಸಿದರೂ ಏಳದಿರುವುದು

ಶುಗರ್ ಇರುವವರು ತೂರಾಡಿದರೆ, ಗೊಂದಲಪಟ್ಟರೆ ಕೂಡಲೇ ಶುಗರ್ ನೋಡಿ, ಇಳಿದಿದ್ದರೆ ಸಕ್ಕರೆ ಕೊಡಿ. ಶುಗರ್ ಸರಿಯಿದ್ದರೆ ಎತ್ತರದ ತೊಂದರೆ ಎಂದೇ ತಿಳಿಯಿರಿ. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108. ಕೆಲವು ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ದಾರಿಯಲ್ಲಿರುವ ಆಸ್ಪತ್ರೆಗಳ ಹೆಸರನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ಒಯ್ಯಿರಿ, ಅದರ ಅಂಕಿಯನ್ನಷ್ಟೇ ನಂಬಬೇಡಿ. ಎತ್ತರದಲ್ಲಿ ದೆಹಲಿಗಿಂತ ಕಡಿಮೆ ತೋರಿಸುವುದು ಸಹಜ, ಬೆರಳು ತಣ್ಣಗಿದ್ದರೆ ತಪ್ಪಾಗಿ ತೋರಿಸುತ್ತದೆ. ಯಂತ್ರಕ್ಕಿಂತ ಮನುಷ್ಯನ ಮುಖ ನೋಡಿ.

*ಕಿವಿ, ಬಿಸಿಲು, ಚಳಿ*

ಬೆಟ್ಟ ಇಳಿಯುವಾಗ ಮಗುವಿನ ಕಿವಿ ಕಟ್ಟಿಕೊಂಡು ನೋಯುತ್ತದೆ. ನುಂಗಿದಾಗ ಕಿವಿ ಬಿಡುತ್ತದೆ. ಇಳಿಜಾರಿನಲ್ಲಿ ನಡುನಡುವೆ ನಿಲ್ಲಿಸಿ ಹಾಲು ಕುಡಿಸಿ, ಸೀಟಿನಲ್ಲಿ ಇರುವಾಗ ನಿಪ್ಪಲ್ ಕೊಡಬಹುದು.

ಎತ್ತರದಲ್ಲಿ ಬಿಸಿಲು ಹಿತವೆನಿಸಿದರೂ ಹೆಚ್ಚು ಸುಡುತ್ತದೆ. ಹಿಮದ ಮೇಲಿಂದ ಪ್ರತಿಫಲಿಸಿ ಕಣ್ಣಿಗೂ ಹೊಡೆಯುತ್ತದೆ. ಮಗುವಿಗೆ ಅಂಚಿರುವ ಟೊಪ್ಪಿ, ಹಿರಿಯರಿಗೆ, ಅದರಲ್ಲೂ ಕಣ್ಣಿನ ಪೊರೆ ತೆಗೆಸಿದವರಿಗೆ, ಕಪ್ಪು ಕನ್ನಡಕ ಮರೆಯಬೇಡಿ.

ಚಳಿಗೆ ಹೆದರಿ ಮಗುವನ್ನು ಆರು ಪದರ ಸುತ್ತಿ ಹೀಟರ್ ಹಾಕಿದ ಕಾರಿನಲ್ಲಿ ಕೂರಿಸಿದರೆ ಬೆವರಿ ಬೇಯುತ್ತದೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ: ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಪದರ ಸೇರಿಸಿ.

ಬಹಳ ಮುಖ್ಯವಾದ ಮಾತು: ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಇಡೀ ಕುಟುಂಬ ಹೋದ ಸುದ್ದಿಯನ್ನು ಉತ್ತರ ಭಾರತದ ಚಳಿಗಾಲದಲ್ಲಿ ನಾವು ಓದುತ್ತಲೇ ಇರುತ್ತೇವೆ. ಹಿಮದಲ್ಲಿ ಸಿಕ್ಕಿಕೊಂಡ ಕಾರಿನಲ್ಲಿ ಇಂಜಿನ್ ಓಡಿಸುತ್ತಾ ಕೂರುವಾಗಲೂ ಹೊಗೆ ಕೊಳವೆ ಹಿಮದಿಂದ ಮುಚ್ಚಿಲ್ಲವೆಂದು ನೋಡಿ.

*ಫಾರ್ವರ್ಡ್ ಆಗಿ ಬರುವ ಮದ್ದುಗಳು*

ಇದೂ ಒಂದು ಫಾರ್ವರ್ಡ್ ಎಂಬುದು ನಮಗೆ ಗೊತ್ತು! ಆದರೂ ಹೇಳಲೇಬೇಕು. ಕರ್ಪೂರ, ಲವಂಗ, ಓಮ ಗಂಟು ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ ಎಂಬ ಸಂದೇಶ ಬಹಳ ಓಡಾಡಿದೆ. ಅದು ಸುಳ್ಳು. ಮೂಗಿಗೆ ತಂಪೆನಿಸುತ್ತದೆ ಅಷ್ಟೇ, ರಕ್ತದಲ್ಲಿ ಆಮ್ಲಜನಕ ಏರುವುದಿಲ್ಲ. ಪುಟ್ಟ ಮಕ್ಕಳಿಗೆ ಕರ್ಪೂರ ವಿಷ, ಫಿಟ್ಸ್ ಬರಿಸಬಹುದು. ಎದೆಗೆ ಹಚ್ಚುವುದೂ ಬೇಡ, ಮೂಗಿನ ಹತ್ತಿರ ಇಡುವುದೂ ಬೇಡ.

ಚಳಿಗೆಂದು ಮಗುವಿನ ಬಾಯಿಗೆ ಬ್ರಾಂದಿ ಹನಿ ಹಾಕುವುದು ಬೇಡವೇ ಬೇಡ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು. ದೊಡ್ಡವರೂ ಎತ್ತರದ ಮೊದಲ ರಾತ್ರಿಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಬಿಡುವುದು ಒಳ್ಳೆಯದು, ಉಸಿರಾಟ ಇನ್ನಷ್ಟು ನಿಧಾನವಾಗುತ್ತದೆ. ಎತ್ತರದ ಕಾಯಿಲೆ ತಡೆಯುವ ಅಸಿಟಜೋಲಮೈಡ್ ಮಾತ್ರೆಯನ್ನು ಯಾರೋ ಗೆಳೆಯ ಹೇಳಿದನೆಂದು ನುಂಗಬೇಡಿ. ಮೂತ್ರಪಿಂಡದ ತೊಂದರೆ, ಸಲ್ಫಾ ಅಲರ್ಜಿ ಇದೆಯೇ ಎಂದು ನೋಡಿ ಡಾಕ್ಟರೇ ನಿರ್ಧರಿಸಬೇಕು.

*ಕೈಚೀಲದಲ್ಲಿ ಇರಲೇಬೇಕಾದದ್ದು*

ಡಿಕ್ಕಿಯಲ್ಲಿ ಅಲ್ಲ, ಕೈಗೆ ಸಿಗುವಂತೆ ಕಾರಿನೊಳಗೆ:
- ಹಿರಿಯರ ಎಲ್ಲ ಮಾತ್ರೆ, ಬೇಕಾದ್ದಕ್ಕಿಂತ ನಾಲ್ಕು ದಿನ ಹೆಚ್ಚು. ಊರಿನ ಡಾಕ್ಟರ ಚೀಟಿಯ ಫೋಟೋ ಇಬ್ಬರ ಮೊಬೈಲಿನಲ್ಲಿ. ಊರಿನಲ್ಲಿ ಸಿಗುವ ಕಂಪನಿಯ ಮಾತ್ರೆ ಬೆಟ್ಟದ ಊರಿನಲ್ಲಿ ಸಿಗದಿರಬಹುದು, ಔಷಧದ ಮೂಲ ಹೆಸರು ಬರೆದಿಡಿ.
- ಇನ್ಸುಲಿನ್ ಇದ್ದರೆ ಹೆಪ್ಪುಗಟ್ಟದಂತೆ, ಬಿಸಿಲಿಗೂ ಬೀಳದಂತೆ. ಡ್ಯಾಶ್‌ಬೋರ್ಡ್ ಮೇಲೆ ಬೇಡ.
- ಶುಗರ್ ಯಂತ್ರ, ಬಿಪಿ ಯಂತ್ರ, ಗ್ಲೂಕೋಸ್ ಅಥವಾ ಬೆಲ್ಲ
- ಮಗುವಿನ ತೂಕಕ್ಕೆ ತಕ್ಕ ಜ್ವರದ ಔಷಧದ ಪ್ರಮಾಣ, ಡಾಕ್ಟರ ಕೈಬರಹದಲ್ಲಿ
- ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಬ್ಯಾಂಡೇಜ್
- ಎರಡು ಜೊತೆ ಮಗುವಿನ ಬಟ್ಟೆ, ಡಯಾಪರ್, ಫ್ಲಾಸ್ಕ್, ವಾಂತಿಗೆ ಚೀಲ
- ಟಾರ್ಚ್. ರಾತ್ರಿ ಹೊಸ ಜಾಗದ ಬಚ್ಚಲಿಗೆ ಹಿರಿಯರು ಕತ್ತಲಲ್ಲಿ ಹೋಗಬಾರದು. ಏಳುವಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ.

*ನಿಲ್ಲಿಸಿದಾಗಲೆಲ್ಲ ಐದು ಪ್ರಶ್ನೆ*

ಇದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

1. ಮಗು ಕೊನೆಯ ಸಲ ಹಾಲು ಕುಡಿದದ್ದು ಯಾವಾಗ? ಡಯಾಪರ್ ಒದ್ದೆಯಾಗಿದೆಯೇ?
2. ಅಜ್ಜಿ, ತಾತ ನೀರು ಕುಡಿದರೇ? ಶೌಚಾಲಯಕ್ಕೆ ಹೋಗಿ ಬಂದರೇ?
3. ಈ ಹೊತ್ತಿನ ಮಾತ್ರೆ ಆಯಿತೇ?
4. ಯಾರಿಗಾದರೂ ತಲೆನೋವು, ಎದೆ ಭಾರ, ಉಸಿರಿನ ತೊಂದರೆ ಇದೆಯೇ?
5. ಓಡಿಸುವವರಿಗೆ ನಿದ್ದೆ ಬರುತ್ತಿದೆಯೇ?

ನಾಲ್ಕನೇ ಪ್ರಶ್ನೆಯನ್ನು ಎಲ್ಲರೆದುರು ಕೇಳಿದರೆ ನಿಜ ಹೊರಬರುವುದಿಲ್ಲ. ಅಜ್ಜಿಯ ಜೊತೆ ನಾಲ್ಕು ಹೆಜ್ಜೆ ನಡೆಯುತ್ತಾ ಕೇಳಿ. ನಡೆಯುವಾಗ ಅವರು ಒಂದು ಇಡೀ ವಾಕ್ಯ ನಿಲ್ಲದೆ ಆಡುತ್ತಾರೋ, ನಡುವೆ ಉಸಿರಿಗೆ ನಿಲ್ಲುತ್ತಾರೋ ಗಮನಿಸಿ. ಮಾತು ತುಂಡಾದರೆ ಅದೇ ನಿಮಗೆ ಉತ್ತರ.

*ಹಿರಿಯರಿಗೆ ಒಂದು ಮಾತು*

ಅಜ್ಜಿ, ತಾತ, ನೀವೂ ಇದನ್ನು ಓದುತ್ತಿದ್ದರೆ ಕೇಳಿ. "ಮಕ್ಕಳಿಗೆ ತೊಂದರೆ ಕೊಡಬಾರದು" ಎಂಬ ನಿಮ್ಮ ಮನಸ್ಸು ದೊಡ್ಡದು. ಆದರೆ ಮೂರು ಗಂಟೆಗೆ "ಸ್ವಲ್ಪ ಕಾರು ನಿಲ್ಲಿಸು" ಎಂದು ಹೇಳಿದರೆ ಆಗುವ ತೊಂದರೆ ಹತ್ತು ನಿಮಿಷದ್ದು. ಹೇಳದೆ ರಾತ್ರಿ ಬಿದ್ದರೆ ಆಗುವ ತೊಂದರೆ ಎಷ್ಟು ದಿನದ್ದೋ! ನಿಮಗಾಗಿ ಅಲ್ಲದಿದ್ದರೂ ಮೊಮ್ಮಗುವಿಗಾಗಿ ಬಾಯಿಬಿಟ್ಟು ಹೇಳಿ.

ಮುಂದಿನ ಜಾಗ ನೋಡದೆ ಹಿಂದಿರುಗಿದರೂ ನಷ್ಟವಿಲ್ಲ. ಹಿಮ ಮುಂದಿನ ವರ್ಷವೂ ಬೀಳುತ್ತದೆ. ಮಗು ಒಂದು ವರ್ಷ ದೊಡ್ಡದಾಗಿ ಅಜ್ಜಿಯ ಕೈಹಿಡಿದು ನಡೆಯುತ್ತಾ ನೋಡುತ್ತದೆ. ಎಲ್ಲರೂ ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಬನ್ನಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮನೆಯವರ ಆರೋಗ್ಯಕ್ಕೆ ತಕ್ಕ ಸಲಹೆಯನ್ನು ನಿಮ್ಮ ಡಾಕ್ಟರಿಂದಲೇ ಪಡೆಯಿರಿ. ಉಪಯುಕ್ತ ಎನಿಸಿದರೆ, ಊರಿನಿಂದ ತಂದೆತಾಯಿ ಬರುವ ನಿಮ್ಮ ಸ್ನೇಹಿತರಿಗೂ ಕಳುಹಿಸಿ.

ಸರ್ವೇ ಜನಾಃ ಸುಖಿನೋ ಭವಂತು.